ನಂಬಿಕೆ, ಪ್ರಶ್ನೆ, ಕಾನೂನು: ಅಂಜನಾಪುರದ ಏರಿಯ ಮೇಲೊಂದು ವಿಚಾರ

ಮಳೆಗಾಲದಲ್ಲಿ ಅಂಜನಾಪುರದ ಜಲಾಶಯ ತುಂಬಿ ಕೋಡಿ ಬಿತ್ತೆಂದರೆ ಶಿಕಾರಿಪುರದ ಸುತ್ತಮುತ್ತಲಿನವರಿಗೆ ಅದೊಂದು ಹಬ್ಬ. ಕುಮುದ್ವತಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯವನ್ನೇ ನಂಬಿ ಗದ್ದೆ ಮಾಡುವವರು ಹೆಂಡತಿ ಮಕ್ಕಳೊಡನೆ ಬಂದು ನೀರು ನೋಡುತ್ತಾರೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆಯ ಕಣ ಇಟ್ಟು ಬಾಗಿನ ಬಿಡುತ್ತಾರೆ. ಅದೇ ಹೊತ್ತಿಗೆ ನೀರಾವರಿಯ ಎಂಜಿನಿಯರು ಒಳಹರಿವು ಎಷ್ಟು ಕ್ಯೂಸೆಕ್ಸ್, ಹೊರಹರಿವು ಎಷ್ಟು ಎಂದು ಬರೆದುಕೊಳ್ಳುತ್ತಿರುತ್ತಾರೆ. ಬರೆದು ಮುಗಿದ ಮೇಲೆ ಅವರೂ ಚಪ್ಪಲಿ ಬಿಟ್ಟು ಬಾಗಿನಕ್ಕೆ ಕೈ ಮುಗಿಯುವುದುಂಟು.

'ಧರ್ಮ ಮತ್ತು ಸಮಾಜ' ಎಂಬ ವಿಷಯದ ಮೇಲಿನ ನಮ್ಮ ಮಾತುಕತೆಯ ಪೀಠಿಕೆಗೆ ಈ ದೃಶ್ಯ ಒದಗೀತೆಂದು ನಾವು ಅಲ್ಲಿಗೆ ಹೋಗಿದ್ದೆವು. ಕ್ಯಾಮೆರಾ ಸ್ಟ್ಯಾಂಡು ನಿಲ್ಲಿಸುತ್ತಿದ್ದಾಗ ಹಿರಿಯ ರೈತರೊಬ್ಬರು ಹತ್ತಿರ ಬಂದು ವಿಷಯವೇನೆಂದು ವಿಚಾರಿಸಿದರು. ಹೇಳಿದೆ. 'ಏನ್ರೀ ಸ್ವಾಮಿ, ದೇವರು ಇದಾನೋ ಇಲ್ವೋ ಅಂತ ಟೀವೀಲಿ ತೀರ್ಮಾನ ಮಾಡ್ತೀರಾ?' ಎಂದು ನಕ್ಕರು. ಅವರ ನಗೆಯಲ್ಲಿ ಕುಹಕವಿರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಹದಿನೆಂಟನೆಯ ಶತಮಾನದ ಯುರೋಪಿನ ವೈಚಾರಿಕ ಚಳವಳಿಯ ಬಗ್ಗೆ ನಮ್ಮಲ್ಲಿ ಓದಿದವರೂ ಹೆಚ್ಚಾಗಿ ಹೀಗೆಯೇ ತಿಳಿದಿದ್ದಾರೆ: ದೇವರಿಲ್ಲ ಎಂದು ಸಾಧಿಸಲು ಹೊರಟವರ ಕಾಲ ಅದು, ಎಂದು.

ಶಾಲೆಯ ಪುಸ್ತಕಗಳು ಆ ಕಾಲವನ್ನು 'ಜ್ಞಾನೋದಯದ ಯುಗ' ಎಂದು ಕರೆಯುತ್ತವೆ. ಈ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಜ್ಞಾನೋದಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ಬೋಧಿವೃಕ್ಷದ ಕೆಳಗೆ ಒಬ್ಬನೇ ಕುಳಿತ ಬುದ್ಧ. ಯುರೋಪಿನದು ಹಾಗಲ್ಲ. ಅದು ಅಚ್ಚಿನ ಮನೆ, ಕಾಫಿ ಅಂಗಡಿ, ಪತ್ರಿಕೆ, ಕಾಗದ ವ್ಯವಹಾರಗಳಲ್ಲಿ ನೂರಾರು ಜನ ಜಗಳವಾಡುತ್ತಾ ಕಟ್ಟಿದ ಬೆಳಕು. ಅವರಲ್ಲಿ ನಾಸ್ತಿಕರು ಕೆಲವರೇ. ಹೆಚ್ಚಿನವರು ದೇವರನ್ನು ಒಪ್ಪಿದವರು.

ಯಾವ ಬಗೆಯ ದೇವರನ್ನು? ಅಂಜನಾಪುರದ ಏರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಟ್ಟೆ ಕಟ್ಟಿದ ಎಂಜಿನಿಯರು ಈಗ ಅಲ್ಲಿಲ್ಲ. ಆದರೂ ನೀರು ತನ್ನ ಮಟ್ಟ ಮುಟ್ಟಿದ ಕೂಡಲೇ ಕೋಡಿಯ ಮೇಲೆ ಹರಿಯುತ್ತದೆ, ತೂಬು ಎತ್ತಿದರೆ ಕಾಲುವೆಗೆ ಇಳಿಯುತ್ತದೆ. ಪ್ರತಿ ಸಲವೂ ಆ ಎಂಜಿನಿಯರು ಬಂದು ನೀರಿಗೆ ಅಪ್ಪಣೆ ಕೊಡಬೇಕಾಗಿಲ್ಲ. ನ್ಯೂಟನ್ 1687ರಲ್ಲಿ ಚಲನೆಯ ಹಾಗೂ ಗುರುತ್ವದ ನಿಯಮಗಳನ್ನು ಪ್ರಕಟಿಸಿದ ಮೇಲೆ ಇಡೀ ವಿಶ್ವವೇ ಇಂಥದೊಂದು ಕಟ್ಟೆ ಎಂದು ಅನೇಕರಿಗೆ ತೋರಿತು. ದೇವರು ಕಟ್ಟಿದ, ನಿಯಮ ಹಾಕಿದ, ಇನ್ನು ನಡುವೆ ಬಂದು ಯಾರ ಗದ್ದೆಗೂ ವಿಶೇಷವಾಗಿ ನೀರು ಬಿಡುವುದಿಲ್ಲ. (ಸ್ವತಃ ನ್ಯೂಟನ್ ಇಷ್ಟು ದೂರ ಹೋಗಲಿಲ್ಲ, ಗ್ರಹಗಳ ವ್ಯವಸ್ಥೆಯನ್ನು ಸರಿಪಡಿಸಲು ದೇವರು ಆಗಾಗ ಕೈ ಹಾಕಬೇಕಾಗುತ್ತದೆಂದು ಅವನು ನಂಬಿದ್ದ.) ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ಈ ಚಿತ್ರ ನನಗೆ ಬಹಳ ಇಷ್ಟವಾಗಿತ್ತು. ಆದರೆ ಆ ಕಾಲದ ನಿಜವಾದ ಕಾಣಿಕೆ ಈ ದೇವರ ಚಿತ್ರವಲ್ಲ, ಬೇರೊಂದು ಎಂದು ಈಗ ಅನ್ನಿಸುತ್ತದೆ. ಅದನ್ನು ಹೇಳಲು ಒಂದು ಸಾವಿನ ಕತೆಗೆ ಹೋಗಬೇಕು.

ಫ್ರಾನ್ಸಿನ ತುಲೂಸ್ ನಗರದಲ್ಲಿ ಝಾಂ ಕಾಲಾಸ್ ಎಂಬ ಬಟ್ಟೆ ವ್ಯಾಪಾರಿಯಿದ್ದ. ಪ್ರಾಟೆಸ್ಟೆಂಟ್ ಪಂಥದವನು, ಊರು ಕ್ಯಾಥೊಲಿಕ್ಕರದು. 1761ರ ಅಕ್ಟೋಬರಿನ ಒಂದು ರಾತ್ರಿ ಅವನ ಹಿರಿಯ ಮಗ ಅಂಗಡಿಯಲ್ಲಿ ಸತ್ತು ಬಿದ್ದಿದ್ದ. ಮಗ ಕ್ಯಾಥೊಲಿಕ್ ಆಗಲು ಹೊರಟಿದ್ದನೆಂದೂ ಅದಕ್ಕಾಗಿ ತಂದೆಯೇ ಕೊಂದನೆಂದೂ ಬೀದಿಯಲ್ಲಿ ಗುಲ್ಲೆದ್ದಿತು. ಗುಲ್ಲೇ ಸಾಕ್ಷಿಯಾಯಿತು. 1762ರ ಮಾರ್ಚಿನಲ್ಲಿ ಆ ಮುದುಕನನ್ನು ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಕೊನೆಯವರೆಗೂ ಅವನು ತಪ್ಪೊಪ್ಪಿಕೊಳ್ಳಲಿಲ್ಲ.

ವೋಲ್ಟೇರ್ ಆಗ ಅರುವತ್ತು ದಾಟಿದ ಪ್ರಸಿದ್ಧ ಲೇಖಕ. ಅವನು ಬೈಬಲ್ಲಿನ ಮೇಲೆ ವಾದಕ್ಕೆ ನಿಲ್ಲಲಿಲ್ಲ. ದೊಡ್ಡವರಿಗೆ ಕಾಗದ ಬರೆದ, ಸಾಕ್ಷಿಗಳನ್ನು ಕಲೆಹಾಕಿದ, ವಿಧವೆಯ ಪರವಾಗಿ ವಕೀಲರನ್ನು ಹಿಡಿದ, ಮೊಕದ್ದಮೆಯ ಕಾಗದಪತ್ರ ಬಹಿರಂಗವಾಗಬೇಕೆಂದು ಹಟ ಹಿಡಿದ. 1763ರಲ್ಲಿ ಸಹಿಷ್ಣುತೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ. 1765ರಲ್ಲಿ ಕಾಲಾಸ್ ನಿರಪರಾಧಿ ಎಂದು ತೀರ್ಪಾಯಿತು. ಸತ್ತವನು ಮರಳಲಿಲ್ಲ. ಆದರೆ ಒಂದು ಹೊಸ ರೂಢಿ ಹುಟ್ಟಿತು: ಧರ್ಮದ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಓದುಬರಹ ಬಲ್ಲ ಸಾರ್ವಜನಿಕರ ಮುಂದೆ ಇಟ್ಟು, 'ಇದು ಸರಿಯೇ, ನೀವೇ ಹೇಳಿ' ಎಂದು ಕೇಳುವುದು.

ಕೇಳಬಹುದು ಸರಿ, ಆದರೆ ಸರ್ಕಾರ ಎಲ್ಲಿ ಕೈ ಹಾಕಬಹುದು? ಇದಕ್ಕೆ ಸುಮಾರು ಮುಕ್ಕಾಲು ಶತಮಾನ ಮೊದಲೇ, 1689ರಲ್ಲಿ, ಇಂಗ್ಲೆಂಡಿನ ಜಾನ್ ಲಾಕ್ ಒಂದು ಕರುವಿನ ಉದಾಹರಣೆ ಕೊಟ್ಟಿದ್ದ. ಒಬ್ಬ ತನ್ನ ಕರುವನ್ನು ಮನೆಯಲ್ಲಿ ಊಟಕ್ಕಾಗಿ ಕೊಯ್ಯುವುದು ಕಾನೂನಿಗೆ ವಿರುದ್ಧವಲ್ಲವೆಂದಾದರೆ, ಅದನ್ನೇ ದೇವರಿಗೆ ಬಲಿ ಕೊಟ್ಟಾಗ ಸರ್ಕಾರ ತಡೆಯಬಾರದು. ಊರಿಗೆ ರೋಗ ಬಂದು ದನಕರು ಕಡಿಮೆಯಾಗಿ ಎಲ್ಲರಿಗೂ ಕೊಯ್ಯುವುದನ್ನು ನಿಷೇಧಿಸಿದ್ದರೆ ಬಲಿಗೂ ಆ ನಿಷೇಧ ಅನ್ವಯಿಸುತ್ತದೆ. ಹಸುಳೆಯನ್ನು ಬಲಿ ಕೊಡುವುದು ಮನೆಯಲ್ಲೂ ಅಪರಾಧ, ಗುಡಿಯಲ್ಲೂ ಅಪರಾಧ. ಎಂದರೆ ಕಾನೂನು ನೋಡಬೇಕಾದದ್ದು ನಂಬಿಕೆಯನ್ನಲ್ಲ, ಕೃತ್ಯವನ್ನು. ಆತ್ಮದ ಉದ್ಧಾರ ಅಮಲ್ದಾರರ ಕೆಲಸವಲ್ಲ. ಒದ್ದು ಬಡಿದು ಯಾರಲ್ಲೂ ನಂಬಿಕೆ ಹುಟ್ಟಿಸಲಾಗದು. ಇಷ್ಟು ವಿಶಾಲವಾಗಿ ಯೋಚಿಸಿದ ಲಾಕ್ ನಾಸ್ತಿಕರಿಗೆ ಮಾತ್ರ ಈ ಸ್ವಾತಂತ್ರ್ಯ ಕೊಡಲು ಒಪ್ಪಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಜರ್ಮನಿಯ ಕಾಂಟ್ 1784ರಲ್ಲಿ ಬರೆದ ಪುಟ್ಟ ಲೇಖನದ ಹಿನ್ನೆಲೆ ನಮಗೆ ಹತ್ತಿರದ್ದು. ಮದುವೆಗೆ ಪುರೋಹಿತರು ಬೇಕೇ ಬೇಕೇ ಎಂಬ ಚರ್ಚೆ ಬರ್ಲಿನ್ನಿನ ಮಾಸಪತ್ರಿಕೆಯೊಂದರಲ್ಲಿ ನಡೆದಿತ್ತು. ಬೇಕು ಎನ್ನುವ ಪಾದ್ರಿಯೊಬ್ಬರು, 'ಎಲ್ಲರೂ ಜ್ಞಾನೋದಯ ಎನ್ನುತ್ತಾರೆ, ಹಾಗೆಂದರೇನೆಂದು ಯಾರಾದರೂ ಹೇಳಿದ್ದಾರೆಯೇ?' ಎಂಬರ್ಥದ ಅಡಿಟಿಪ್ಪಣಿ ಹಾಕಿದರು. ಕಾಂಟನ ಲೇಖನ ಅದಕ್ಕೆ ಕೊಟ್ಟ ಉತ್ತರ. ಬೆಳೆದ ಮೇಲೂ ಇನ್ನೊಬ್ಬರ ಕೈ ಹಿಡಿದೇ ನಡೆಯುವ ಅಭ್ಯಾಸ ಬಿಟ್ಟು, ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯ ತಂದುಕೊಳ್ಳುವುದೇ ಜ್ಞಾನೋದಯ ಎಂಬುದು ಅದರ ಸಾರ. ಇದಕ್ಕೆ ಕನ್ನಡದಲ್ಲಿ ಕುವೆಂಪು ಅವರ 'ನಿರಂಕುಶಮತಿ' ಎಂಬ ಮಾತಿಗಿಂತ ಒಳ್ಳೆಯ ಪದವನ್ನು ನಾನು ಕಂಡಿಲ್ಲ. ಅದೇ ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ 'ಮಂತ್ರ ಮಾಂಗಲ್ಯ'ದ ಕ್ರಮದಲ್ಲಿ ನಡೆಸಿದರು. ಬರ್ಲಿನ್ನಿನ ಪಾದ್ರಿಯ ಪ್ರಶ್ನೆಗೆ ಶಿವಮೊಗ್ಗ ಜಿಲ್ಲೆಯವರೊಬ್ಬರು ಕೊಟ್ಟ ಉತ್ತರ ಎಂದರೂ ನಡೆದೀತು.

ಕಾಂಟನ ಇನ್ನೊಂದು ಮಾತು ನನ್ನಂಥ ಸರ್ಕಾರಿ ವಾಹಿನಿಯವರಿಗೆ ಚುಚ್ಚುವಂಥದು. ಹುದ್ದೆಯಲ್ಲಿರುವಾಗ ಅಧಿಕಾರಿ ಅಪ್ಪಣೆ ಪಾಲಿಸಲಿ, ಆದರೆ ಓದುಗರ ಸಮುದಾಯದ ಮುಂದೆ ಬರೆಯುವಾಗ ಅವನು ಪೂರ್ಣ ಸ್ವತಂತ್ರನಿರಬೇಕು ಎಂದು ಅವನು ಹೇಳುತ್ತಾನೆ. ಬರೆಯುವುದೇ ಹುದ್ದೆಯಾದವರು ಏನು ಮಾಡಬೇಕೆಂದು ಹೇಳಲಿಲ್ಲ!

ಇದೆಲ್ಲ ಪರದೇಶದ ಸರಕು, ನಮ್ಮ ನೆಲಕ್ಕೆ ಒಗ್ಗುವುದೇ ಎಂದು ಕೇಳುವವರಿದ್ದಾರೆ. ಅಂಜನಾಪುರದಿಂದ ಶಿಕಾರಿಪುರ ದಾಟಿ ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿ. ಅಲ್ಲಮಪ್ರಭುವಿನ ಊರು. ಪಕ್ಕದಲ್ಲೇ ಅಕ್ಕಮಹಾದೇವಿಯ ಉಡುತಡಿ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಬಳಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಕೆರೆಯ ಕೋಡಿಯ ಹತ್ತಿರ ಇದ್ದುದರಿಂದ ಆ ಹೆಸರು. 1162ರ ಶಾಸನವೊಂದು ಅಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣ, ಪುರಾಣ, ಕಾವ್ಯಗಳ ಜೊತೆಗೆ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ಪಾಠ; ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ; ರೋಗಿಗಳಿಗೆ ಔಷಧ. ಶೈವ ಮಠದಲ್ಲಿ ಬೌದ್ಧ ಮತದ ಪಾಠ! ಅದೇ ಊರಿನಲ್ಲಿ ಬಸದಿಗಳೂ ಬೌದ್ಧ ವಿಹಾರವೂ ಇದ್ದವು. ಯುರೋಪು ಧರ್ಮಯುದ್ಧಕ್ಕೆ ಹೊರಡುತ್ತಿದ್ದ ಕಾಲದ ಮಾತಿದು.

ಇದನ್ನು ಓದಿ ಎದೆಯುಬ್ಬಿಸುವುದು ಸುಲಭ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೇರೆ ಮತದ ಪಾಠ ಹೇಳುವ ಔದಾರ್ಯ ಬೇರೆ, ಸಾಮಾನ್ಯನೊಬ್ಬ ಎದ್ದು ನಿಂತು 'ಇದು ಅನ್ಯಾಯ' ಎಂದಾಗ ಅವನನ್ನು ಕಾಯುವ ಹಕ್ಕು ಬೇರೆ. ಆ ಶಾಸನದ ಕಾಲದ ಅರಸ ಬಿಜ್ಜಳ. ಅವನ ಕಲ್ಯಾಣದಲ್ಲಿಯೇ ಕೆಲವೇ ವರ್ಷಗಳಲ್ಲಿ ಜಾತಿ ಮೀರಿದ ಮದುವೆಯ ಕಾರಣಕ್ಕೆ ಶರಣರಿಗೆ ಒದಗಿದ ಗತಿ ಎಲ್ಲರಿಗೂ ಗೊತ್ತು. ಪ್ರಶ್ನೆ ಕೇಳುವ ಎದೆಗಾರಿಕೆ ನಮ್ಮಲ್ಲಿ ಧಾರಾಳವಾಗಿತ್ತು. ಕೇಳಿದವನಿಗೆ ರಕ್ಷಣೆ ಇರಲಿಲ್ಲ.

ಅದು ಹನ್ನೆರಡನೆಯ ಶತಮಾನದ ಮಾತಾಯಿತು. ಪ್ರಶ್ನೆ ಕೇಳಿದವರಿಗೆ ನಮ್ಮ ಕಾಲದಲ್ಲೇ ಏನಾಯಿತೆಂದು ನೋಡಲು ಬಳ್ಳಿಗಾವಿಯಿಂದ ಸೊರಬದ ಮೇಲೆ ಹಾದು ಚಂದ್ರಗುತ್ತಿಗೆ ಹೋಗಬೇಕು. ಗುಡ್ಡದ ಗುಹೆಯಲ್ಲಿ ರೇಣುಕಾಂಬೆಯ ಸನ್ನಿಧಿ. ತಂದೆ ಜಮದಗ್ನಿಯ ಮಾತಿನಂತೆ ತಲೆ ಕಡಿಯಲು ಬಂದ ಮಗ ಪರಶುರಾಮನಿಂದ ತಪ್ಪಿಸಿಕೊಳ್ಳಲು ತಾಯಿ ಮೈಮೇಲೆ ಬಟ್ಟೆಯಿಲ್ಲದೆ ಓಡಿ ಬಂದು ಇಲ್ಲಿ ಅಡಗಿದಳೆಂದು ಸ್ಥಳಪುರಾಣ. ಮಾರ್ಚ್ ತಿಂಗಳ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಯವರೆಗೆ ಹೋಗುತ್ತಿದ್ದರು. ಮಕ್ಕಳಾಗಲೆಂದು, ಚರ್ಮರೋಗ ವಾಸಿಯಾಗಲೆಂದು, ಮದುವೆ ಕೂಡಿಬರಲೆಂದು. ಗಂಡಸರು, ಹೆಂಗಸರು, ಮಕ್ಕಳು. ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳವರು. ವರ್ಷ ಕಳೆದಂತೆ ಹರಕೆಯವರ ಜೊತೆಗೆ ಬರಿದೇ ನೋಡಲು ಬರುವವರೂ ಚಿತ್ರ ತೆಗೆಯಲು ಬರುವವರೂ ಸೇರಿಕೊಂಡರು.

1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರ ಕಾರ್ಯಕರ್ತರೂ ಇದನ್ನು ತಡೆಯಲು ಅಲ್ಲಿಗೆ ಹೋದರು. ಪೊಲೀಸರಿದ್ದರು, ಪತ್ರಕರ್ತರಿದ್ದರು. ಬಟ್ಟೆ ಹಾಕಿಕೊಳ್ಳಿ ಎಂದು ಕೈ ಮುಗಿದು ಹೇಳಿದ್ದು ಜಗಳವಾಗಿ, ಜಗಳ ಹೊಡೆದಾಟವಾಗಿ, ಗುಂಪು ತಿರುಗಿ ಬಿದ್ದಿತು. ಕಾರ್ಯಕರ್ತರನ್ನೂ, ಮಹಿಳಾ ಪೊಲೀಸರು ಸೇರಿದಂತೆ ಪೊಲೀಸರನ್ನೂ ಹಿಡಿದು ಬಟ್ಟೆ ಕಿತ್ತು ಬೆತ್ತಲೆಯಾಗಿ ನಡೆಸಲಾಯಿತು. ದೇಶಕ್ಕೆ ದೇಶವೇ ತಲ್ಲಣಿಸಿತು. ಆ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಇದೇ ಜಿಲ್ಲೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು (1932–2014) ಈ ಘಟನೆಯ ನಂತರ 'ಬೆತ್ತಲೆ ಪೂಜೆ ಯಾಕೆ ಕೂಡದು?' ಎಂಬ ಲೇಖನ ಬರೆದರು. ಹೆಸರು ಕೇಳಿದವರು ಅವರು ಆ ಪದ್ಧತಿಯ ಪರ ಎಂದು ತಪ್ಪು ತಿಳಿಯುತ್ತಾರೆ. ಅವರು ಪರೀಕ್ಷೆಗೆ ಒಡ್ಡಿಕೊಂಡದ್ದು ತಮ್ಮನ್ನೇ. ಅದರಲ್ಲಿ ಅವರು ಹೇಳುವ ಒಂದು ಪ್ರಸಂಗ ಹೀಗಿದೆ. ಚಿತ್ರಕಾರ ಮಿತ್ರನೊಬ್ಬ ಹಳ್ಳಿಯ ಗುಡಿಸಲಿನಲ್ಲಿ ಕುಂಕುಮ ಹಚ್ಚಿದ ಕಲ್ಲೊಂದನ್ನು ಕಂಡು, ಫೋಟೋ ತೆಗೆಯಲು ಬಿಸಿಲಿಗೆ ತರಿಸಿದ. ತೆಗೆದ ಮೇಲೆ, ಮೈಲಿಗೆಯಾಯಿತೇನೋ ಎಂದು ಮನೆಯಾತನ ಕ್ಷಮೆ ಕೇಳಿದ. ಅದಕ್ಕೆ ಆ ರೈತ, ಪರವಾಗಿಲ್ಲ, ಬೇರೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂದನಂತೆ. ಕಲ್ಲಿನ ಬಗ್ಗೆ ನಮಗಿಂತ ಅವನೇ ಹೆಚ್ಚು ಸ್ವತಂತ್ರ! ಹೀಗಿರುವಾಗ ನಾವು ಪುಸ್ತಕ ಓದಿದವರು ಅವನಿಗೆ ಬುದ್ಧಿ ಹೇಳಲು ಯಾವ ಅಧಿಕಾರದಿಂದ ಹೊರಟಿದ್ದೇವೆ ಎಂಬ ಅಳುಕು ಆ ಲೇಖನದ ತುಂಬ ಇದೆ.

ಆ ಅಳುಕನ್ನು ನಾನು ಗೌರವಿಸುತ್ತೇನೆ. ಆದರೆ ಚಂದ್ರಗುತ್ತಿಗೆ ಅದು ಪೂರ್ತಿ ಹೊಂದುವುದಿಲ್ಲ. ಅಲ್ಲಿಗೆ ಹೋದ ದಲಿತ ಸಂಘರ್ಷ ಸಮಿತಿ ಹೊರಗಿನ ಪಂಡಿತರ ಕೂಟವಲ್ಲ. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ 1970ರ ದಶಕದಲ್ಲಿ ಹುಟ್ಟಿದ ಸಂಘಟನೆ ಅದು. ಅವರು ತಡೆಯಹೊರಟಿದ್ದು ತಮ್ಮದೇ ಕೇರಿಗಳ ಅಕ್ಕತಂಗಿಯರನ್ನು. ಅವರ ಪ್ರಶ್ನೆ ಸರಳವಾಗಿತ್ತು: ಇದು ಅಷ್ಟು ಪವಿತ್ರವಾದ ಸೇವೆಯಾದರೆ ಮೇಲಿನವರ ಮನೆಯ ಹೆಂಗಸರು ಏಕೆ ಬಟ್ಟೆ ತೆಗೆಯುವುದಿಲ್ಲ? ವಿಗ್ರಹ, ಪುರಾಣ, ದೇವಿಯ ಶಕ್ತಿ ಯಾವುದನ್ನೂ ಈ ಪ್ರಶ್ನೆ ಅಲ್ಲಗಳೆಯುವುದಿಲ್ಲ. ಯಾರ ಮೈ, ಯಾರ ಮಾನ ಎಂದಷ್ಟೇ ಕೇಳುತ್ತದೆ. ಅಕ್ಕಮಹಾದೇವಿಯೂ ಬೆತ್ತಲೆ ನಡೆದಳಲ್ಲ ಎನ್ನುವವರಿದ್ದಾರೆ. ಅಕ್ಕ ಅರಸನ ಅರಮನೆಯನ್ನು ಧಿಕ್ಕರಿಸಿ ನಡೆದವಳು. ಕೇರಿಯ ಹುಡುಗಿಗೆ ಅಪ್ಪ ಅಮ್ಮ ಹೊತ್ತ ಹರಕೆ ಅದಲ್ಲ.

ಲಾಕ್‌ನ ಕರುವನ್ನು ಇಲ್ಲಿಗೆ ತಂದು ಕಟ್ಟಿ ನೋಡೋಣ. ಶಿವಮೊಗ್ಗದ ಪೇಟೆಯಲ್ಲಿ ಕೂಡದ್ದು ಜಾತ್ರೆಯಲ್ಲೂ ಕೂಡದು ಎಂದರೆ ನಿಷೇಧ ಸರಿ. ಹಾಗೆಂದು ಮುಗಿಸಿದರೆ ಏನೋ ಬಿಟ್ಟುಹೋಗುತ್ತದೆ. ಕಾನೂನು ಬಟ್ಟೆಯನ್ನು ಕಂಡಿತು, ಆ ಹರಕೆಯ ಹಿಂದಿನ ಭಯವನ್ನು ಕಾಣಲಿಲ್ಲ. ಮಗುವಿನ ಚರ್ಮರೋಗಕ್ಕೆ ಹತ್ತಿರದಲ್ಲಿ ಡಾಕ್ಟರಿದ್ದರೆ, ಮಕ್ಕಳಾಗದವಳನ್ನು ಊರು ಆಡಿಕೊಳ್ಳದಿದ್ದರೆ, ಆ ನದಿಯ ದಂಡೆಯಲ್ಲಿ ಎಷ್ಟು ಜನ ಉಳಿಯುತ್ತಿದ್ದರು? ಇನ್ನೂ ಒಂದು ಕೊರತೆ ಇದೆ. ಲೇಖಕರು ಮಾತಾಡಿದರು, ಸಂಘಟನೆಗಳು ಮಾತಾಡಿದವು, ಮಂತ್ರಿಗಳು ಮಾತಾಡಿದರು. ಓಡಿದ ಹೆಂಗಸರ ಮಾತು ನಮಗೆ ಬಹಳ ಕಡಿಮೆ ಸಿಗುತ್ತದೆ.

ಇದು ಯುರೋಪಿನವರದೂ ಹಳೆಯ ದೋಷ. 1789ರಲ್ಲಿ ಫ್ರೆಂಚರು ಮಾನವ ಹಕ್ಕುಗಳನ್ನು ಸಾರಿದಾಗ ಹೆಂಗಸರು ಲೆಕ್ಕಕ್ಕಿರಲಿಲ್ಲ. 1791ರಲ್ಲಿ ಒಲಿಂಪ್ ದ ಗೂಜ್ ಎಂಬಾಕೆ ಹೆಂಗಸರ ಹಕ್ಕುಗಳ ಘೋಷಣೆಯನ್ನು ತಾನೇ ಬರೆದಳು. ಎರಡು ವರ್ಷಗಳ ನಂತರ ಆಕೆಯ ತಲೆ ಹೋಯಿತು. ಅದೇ 1791ರಲ್ಲಿ, ಇಂದು ಹೈಟಿ ಎನ್ನುವ ಫ್ರೆಂಚ್ ವಸಾಹತಿನ ಗುಲಾಮರು ಬಂಡೆದ್ದರು. ಪ್ಯಾರಿಸಿನ ಕಾಫಿಗೆ ಬೀಳುತ್ತಿದ್ದ ಸಕ್ಕರೆ ಅವರ ಬೆವರಿನದು.

ನಮ್ಮ ಸಂವಿಧಾನದ 25ನೆಯ ಅನುಚ್ಛೇದ ಈ ಎಲ್ಲ ಅನುಭವಗಳ ಫಲ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಅದು ಒಳಪಟ್ಟದ್ದು. ಸಮಾಜ ಸುಧಾರಣೆಗೆ ಸರ್ಕಾರ ಕಾನೂನು ಮಾಡಬಹುದು. ಗೆರೆ ಎಳೆಯುವುದು ಮಾತ್ರ ಸುಲಭವಲ್ಲ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ, ಒಂದು ಧರ್ಮಕ್ಕೆ ಯಾವುದು ಅತ್ಯವಶ್ಯಕ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಅಲ್ಲಿಂದೀಚೆಗೆ ನ್ಯಾಯಾಧೀಶರು ಶಾಸ್ತ್ರಗ್ರಂಥಗಳನ್ನು ತಿರುವಿಹಾಕುವ ಪ್ರಸಂಗ ಆಗಾಗ ಬರುತ್ತಲೇ ಇದೆ. ಲಾಕ್ ಇದನ್ನು ಕಂಡಿದ್ದರೆ ಗಾಬರಿಯಾಗುತ್ತಿದ್ದನೋ ಏನೋ.

ಚಂದ್ರಗುತ್ತಿಯ ಎಳೆ ಅಲ್ಲಿಗೇ ನಿಲ್ಲಲಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಮೂಢನಂಬಿಕೆ ತಡೆ ಮಸೂದೆಯ ಬಗ್ಗೆ ನಡೆದ ಸಭೆಯಲ್ಲಿ ವಚನ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರು ಅನಂತಮೂರ್ತಿಯವರ ಅದೇ ಬರಹದಲ್ಲಿ ಬರುವ ಬಾಲ್ಯದ ಪ್ರಸಂಗವೊಂದನ್ನು ಉದಾಹರಿಸಿದರು. ಪ್ರತಿಭಟನೆಗಳಾದವು, ದೂರುಗಳು ದಾಖಲಾದವು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಕೊಲೆಯ ಕಾರಣ ಹೇಳುವುದು ನ್ಯಾಯಾಲಯದ ಕೆಲಸ. ಮಸೂದೆ 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, 2020ರ ಜನವರಿಯಲ್ಲಿ ಕಾನೂನಾಗಿ ಜಾರಿಗೆ ಬಂದಿತು. ಎಂಜಲೆಲೆಯ ಮೇಲೆ ಉರುಳುವಂತೆ ಮಾಡುವುದು, ಆಚರಣೆಯ ಹೆಸರಿನಲ್ಲಿ ವ್ಯಕ್ತಿಯನ್ನು ಬೆತ್ತಲೆ ಮೆರವಣಿಗೆ ಮಾಡುವುದು ಅದರಡಿ ಅಪರಾಧ. ಪೂಜೆ, ಹರಕೆ, ಜಾತ್ರೆ, ತೀರ್ಥಯಾತ್ರೆಗಳಿಗೆ ಅದರಲ್ಲಿ ಅಡ್ಡಿಯಿಲ್ಲ. ಅಂಜನಾಪುರದ ಬಾಗಿನಕ್ಕೂ ಇಲ್ಲ ಎಂದು ಆ ಹಿರಿಯ ರೈತರಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಅವರು ನೀರು ತಿರುಗಿಸಲು ಗದ್ದೆಗೆ ಹೋಗಿದ್ದರು.

ಚಂದ್ರಗುತ್ತಿಯ ಜಾತ್ರೆ ಈಗಲೂ ನಡೆಯುತ್ತದೆ. ಭಕ್ತರು ಬಟ್ಟೆ ತೊಟ್ಟೇ ಬೆಟ್ಟ ಹತ್ತುತ್ತಾರೆ. ನಮ್ಮ ಕಾರ್ಯಕ್ರಮದ ಸಂಕಲನದ ಹೊತ್ತಿನಲ್ಲಿ, 1986ರ ಫೋಟೋಗಳನ್ನು ತರಿಸಿ ನಾಲ್ಕು ಸೆಕೆಂಡು ತೋರಿಸೋಣವೇ ಎಂಬ ಮಾತು ಬಂತು. ಮುಖ ಮಸುಕು ಮಾಡಬಹುದು, ಚರ್ಚೆಗೆ ಬಿಗಿ ಬರುತ್ತದೆ ಎಂದರು. ಆ ಚಿತ್ರಗಳಲ್ಲಿರಬಹುದಾದವರಲ್ಲಿ ಹಲವರು ಇಂದಿಗೂ ಸೊರಬದ ಸಂತೆಯಲ್ಲೋ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೋ ಓಡಾಡಿಕೊಂಡಿರಬಹುದು. ಮೊಮ್ಮಕ್ಕಳೊಡನೆ ಟೀವಿಯ ಮುಂದೆ ಕೂತಿರಬಹುದು. ಒಪ್ಪಿಗೆ ಕೇಳೋಣವೆಂದರೆ ಆಗ ಯಾರೂ ಅವರ ಹೆಸರು ಬರೆದುಕೊಂಡಿರಲಿಲ್ಲ. ಬೇಡ ಎಂದೆ. ಆ ನಾಲ್ಕು ಸೆಕೆಂಡಿಗೆ ವರದಾ ನದಿಯ ದಂಡೆಯ ಬರಿಯ ಕಲ್ಲುಮೆಟ್ಟಿಲುಗಳನ್ನು ಹಾಕಿದ್ದೇವೆ.